ಕೊಟ್ಟಿಗೆಯ ಗೂಡಿನ ತಟ್ಟೆ

ಹೋದ ಮಳೆಗಾಲದಲ್ಲಿ ನನ್ನ ಫೆಲೋಶಿಪ್ ಹಣ ನಾಲ್ಕು ತಿಂಗಳು ತಡವಾಯಿತು. ತುಮಕೂರಿನ ಸತ್ಯಮಂಗಲದ ಬಾಡಿಗೆ ರೂಮಿನಲ್ಲಿ ಕೂತು, ಮಹಾಪ್ರಬಂಧದ ಎರಡನೇ ಅಧ್ಯಾಯವನ್ನು ಏಳನೇ ಸಲ ತಿದ್ದುವುದಕ್ಕಿಂತ ಕೈಗೆ ಬೇರೆ ಏನಾದರೂ ಕೆಲಸ ಕೊಡೋಣ ಅನ್ನಿಸಿತು. ಹಳೆಯ ತಟ್ಟೆಗಳ ಮೇಲೆ ಅಚ್ಚಾದ ಚಿತ್ರಗಳನ್ನು ಇಳಿಸುವುದನ್ನು ಕಲಿತೆ.

ಕೆಲಸ ಕಷ್ಟದ್ದಲ್ಲ. ನಾವು ಚಿಕ್ಕವರಿದ್ದಾಗ ಬಬಲ್ ಗಮ್ ಜೊತೆ ಒಂದು ಪುಟ್ಟ ಕಾಗದ ಬರುತ್ತಿತ್ತಲ್ಲ, ಒದ್ದೆ ಮಾಡಿ ಮುಂಗೈಗೆ ಒತ್ತಿದರೆ ಹಚ್ಚೆಯ ಹಾಗೆ ಚಿತ್ರ ಕೂರುತ್ತಿತ್ತು, ಅದರದೇ ದೊಡ್ಡ ರೂಪ ಇದು. ಡಿಕಾಲ್ ಪೇಪರ್ ಎಂಬ ಹಾಳೆಯ ಮೇಲೆ ಚಿತ್ರವನ್ನು ಪ್ರಿಂಟ್ ತೆಗೆಸಬೇಕು. ಇಂಕ್‌ಜೆಟ್ ಆದರೆ ಮೇಲೊಂದು ವಾರ್ನಿಶ್ ಸ್ಪ್ರೇ ಹೊಡೆದು ಒಣಗಿಸಬೇಕು, ಇಲ್ಲದಿದ್ದರೆ ನೀರಿಗಿಟ್ಟ ಕೂಡಲೇ ಬಣ್ಣವೆಲ್ಲ ಕದಡಿಹೋಗುತ್ತದೆ. ಆಮೇಲೆ ಕತ್ತರಿಸಿ, ಒಂದು ನಿಮಿಷ ನೀರಲ್ಲಿ ನೆನೆಸಿದರೆ ಚಿತ್ರದ ತೆಳುಪೊರೆ ಹಾಳೆಯಿಂದ ಜಾರುತ್ತದೆ. ಅದನ್ನು ತಟ್ಟೆಯ ಮೇಲೆ ಸರಿಸಿ, ನಡುವಿನಿಂದ ಅಂಚಿನ ಕಡೆಗೆ ಬಟ್ಟೆಯಲ್ಲಿ ಒತ್ತುತ್ತ ನೀರು, ಗಾಳಿಗುಳ್ಳೆಗಳನ್ನು ಹೊರಗೆ ತಳ್ಳಬೇಕು. ಒಂದು ದಿನ ಬಿಟ್ಟು ಮತ್ತೆ ವಾರ್ನಿಶ್. ಅಷ್ಟೇ. ಹೀಗೆ ಮಾಡಿದ ತಟ್ಟೆಯಲ್ಲಿ ಊಟ ಮಾಡುವ ಹಾಗಿಲ್ಲ. ಅದು ಗೋಡೆಗೆ ಮಾತ್ರ. ಉಣ್ಣುವ ತಟ್ಟೆಗೆ ಚಿತ್ರ ಉಳಿಯಬೇಕಾದರೆ ಕುಲುಮೆಯಲ್ಲಿ ಸುಡಬೇಕು, ನನ್ನ ಹತ್ತಿರ ಇದ್ದದ್ದು ಒಂದು ಬಕೆಟ್ ಮತ್ತು ಹಳೆಯ ಬನಿಯನ್.

ತಟ್ಟೆಗಳನ್ನು ತರುತ್ತಿದ್ದದ್ದು ರಸ್ತೆ ತಿರುವಿನ ಗುಜರಿ ಅಂಗಡಿಯಿಂದ. ಪಿಂಗಾಣಿಗೆ ಗುಜರಿಯಲ್ಲಿ ಬೆಲೆಯೇ ಇಲ್ಲ ಎಂದು ಗೊತ್ತಾದದ್ದು ಅಲ್ಲೇ. ಕರಗಿಸಲು ಬರುವುದಿಲ್ಲವಲ್ಲ. ಮನೆ ಖಾಲಿ ಮಾಡುವವರು ಕಬ್ಬಿಣ, ತಾಮ್ರದ ಜೊತೆ ಮೂಟೆಯಲ್ಲಿ ಹಾಕಿ ಕಳಿಸಿದ್ದನ್ನು ಅಂಗಡಿಯಾತ ಒಂದು ಮೂಲೆಗೆ ಸರಿಸಿಟ್ಟಿರುತ್ತಿದ್ದ. "ತಗಂಡೋಗಿ ಸಾರ್, ಜಾಗ ಆಗುತ್ತೆ" ಎಂದು ಹತ್ತು ರೂಪಾಯಿಗೆ ಒಂದರಂತೆ ಕೊಡುತ್ತಿದ್ದ. ಕಬ್ಬಿಣದ ಮೇಲೆ ಪಿಂಗಾಣಿ ಲೇಪ ಕೊಟ್ಟ, ನೀಲಿ ಅಂಚಿನ ಬಿಳಿ ತಟ್ಟೆಗಳನ್ನು ಮಾತ್ರ ತೂಕಕ್ಕೆ ಹಾಕುತ್ತಿದ್ದ.

ಮೊದಲ ತಿಂಗಳು ಹನ್ನೊಂದು ತಟ್ಟೆ ಮಾಡಿದೆ. ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದ್ದೇ ತಡ, ಒಂದಕ್ಕೆ ಮುನ್ನೂರೈವತ್ತರಂತೆ ಎಲ್ಲವೂ ಹೋದವು. ರೂಮ್ ಬಾಡಿಗೆ ಸಲೀಸಾಯಿತು. ಅದಕ್ಕಿಂತ ಹೆಚ್ಚಾಗಿ, ಬಿಸಾಕಿದ್ದನ್ನು ಎತ್ತಿ ಚೆಂದ ಮಾಡಿದೆ ಎಂಬ ಸಂತೋಷ. ಸಂಶೋಧನೆಯಲ್ಲಿ ಇಂಥ ಸಂತೋಷ ಅಪರೂಪ, ಅಲ್ಲಿ ಒಂದು ವಾಕ್ಯ ಒಣಗಲು ಆರು ತಿಂಗಳು ಬೇಕು.

ನನ್ನ ಸಂಶೋಧನೆಯೂ ಅಚ್ಚಾದ ಚಿತ್ರಗಳ ಬಗ್ಗೆಯೇ. ಹಾಗಾಗಿ ಇದೆಲ್ಲ ಎಲ್ಲಿಂದ ಬಂತೆಂದು ಸ್ವಲ್ಪ ಗೊತ್ತಿತ್ತು. 1756ರ ಆಗಸ್ಟ್‌ನಲ್ಲಿ ಲಿವರ್‌ಪೂಲಿನ ಜಾನ್ ಸ್ಯಾಡ್ಲರ್ ಮತ್ತು ಗೈ ಗ್ರೀನ್ ಎಂಬಿಬ್ಬರು ಪ್ರಮಾಣಪತ್ರ ಮಾಡಿ, ತಾವು ಆರು ಗಂಟೆಯಲ್ಲಿ 1200ಕ್ಕೂ ಹೆಚ್ಚು ಪಿಂಗಾಣಿ ಬಿಲ್ಲೆಗಳಿಗೆ ಚಿತ್ರ ಅಚ್ಚುಹಾಕಿದೆವು ಎಂದು ಹೇಳಿಕೊಂಡರು. ಕುಂಚ ಹಿಡಿದು ಒಂದೊಂದನ್ನೇ ಬರೆಯುತ್ತಿದ್ದವರ ಕೆಲಸ ಹೀಗೆ ಅಚ್ಚಿಗೆ ಹೋಯಿತು. ಆಮೇಲೆ ಇಂಗ್ಲೆಂಡಿನ ಕುಂಬಾರರು ಚೀನಾವನ್ನು ನೋಡದೆಯೇ ಚೀನಾದ ಸೇತುವೆ, ಮರ, ಹಕ್ಕಿಗಳ ನೀಲಿ ಚಿತ್ರವೊಂದನ್ನು ಕಟ್ಟಿ ಲೋಕಕ್ಕೆಲ್ಲ ಮಾರಿದರು. ವಿಲೋ ಪ್ಯಾಟರ್ನ್ ಎನ್ನುವ ಆ ಚಿತ್ರಕ್ಕೆ ಒಂದು ಪ್ರೇಮಕಥೆಯನ್ನೂ ಹೊಸೆದರು. ತಟ್ಟೆ ಮೊದಲು, ಪುರಾಣ ಆಮೇಲೆ. ನನಗೆ ಇವೆಲ್ಲಕ್ಕಿಂತ ಹೆಚ್ಚು ಕಾಡುವುದು 1820ರ ದಶಕದ ಸಕ್ಕರೆ ಬಟ್ಟಲುಗಳು. ಈಸ್ಟ್ ಇಂಡಿಯಾದ ಸಕ್ಕರೆ, ಗುಲಾಮರು ಮಾಡಿದ್ದಲ್ಲ ಎಂಬರ್ಥದ ಮಾತನ್ನು ಬಟ್ಟಲಿನ ಮೇಲೇ ಬರೆಸಿ, ಕೆರಿಬಿಯನ್ ತೋಟಗಳ ಸಕ್ಕರೆ ಬಿಟ್ಟವರು ಅದನ್ನು ಚಹಾದ ಮೇಜಿನ ಮೇಲೆ ಇಡುತ್ತಿದ್ದರು. ಬಂದವರಿಗೆ ಕಾಣುವ ಹಾಗೆ. ನಮ್ಮ ಕಬ್ಬಿನ ಗದ್ದೆಗಳಲ್ಲಿ ದುಡಿಯುತ್ತಿದ್ದವರ ಪಾಡು ಏನಿತ್ತು ಎಂದು ಆ ಬಟ್ಟಲು ಕೇಳುವುದಿಲ್ಲ. ಆದರೂ ಅದನ್ನು ಬರೀ ಬೂಟಾಟಿಕೆ ಎಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ನಮ್ಮ ಕಡೆಯ ಕಥೆ ರವಿವರ್ಮನದು. 1894ರಲ್ಲಿ ಮುಂಬೈಯಲ್ಲಿ ಅವನ ಅಚ್ಚುಕೂಟ ಶುರುವಾಯಿತು, ಆಮೇಲೆ ಲೋನಾವಳದ ಹತ್ತಿರದ ಮಳವಲಿಗೆ ಹೋಯಿತು. ಅಲ್ಲಿಂದ ಹೊರಟ ಲಕ್ಷ್ಮಿ, ಸರಸ್ವತಿ, ದಮಯಂತಿಯರು ಕಾಗದದಿಂದ ಕ್ಯಾಲೆಂಡರಿಗೆ, ಬೆಂಕಿಪೊಟ್ಟಣಕ್ಕೆ, ಜಪಾನಿನಲ್ಲಿ ತಯಾರಾಗಿ ಬಂದ ಪಿಂಗಾಣಿ ಟೈಲುಗಳಿಗೂ ಇಳಿದರು. ಹೆಂಗಸರು ಅವನ ಚಿತ್ರಗಳ ಸೀರೆಗೆ ಜರಿ, ಮಿನುಗು ಅಂಟಿಸಿ ಮತ್ತಷ್ಟು ಸಿಂಗರಿಸಿದರು. ಅಚ್ಚು ದೇವರನ್ನು ಗರ್ಭಗುಡಿಯಿಂದ ಹೊರಗೆ ತಂದಿತು, ಗುಡಿಯೊಳಗೆ ಬಿಡದವರ ಮನೆಗೂ ಕೊಟ್ಟಿತು ಎಂದು ಸಂಶೋಧಕರು ಹೇಳುತ್ತಾರೆ. ಮೊದಮೊದಲ ಅಚ್ಚುಗಳು ಬಡವರ ಕೈಗೆ ಎಟುಕುವಂತಿರಲಿಲ್ಲ ಎಂಬುದನ್ನೂ ಸೇರಿಸಿಯೇ ಈ ಮಾತನ್ನು ಒಪ್ಪಬೇಕು. ಆದರೂ ರವಿವರ್ಮನ ತವರಾದ ತಿರುವಾಂಕೂರಿನಲ್ಲಿ ದೇವಾಲಯ ಪ್ರವೇಶದ ಘೋಷಣೆ ಆದದ್ದು 1936ರಲ್ಲಿ, ಅವನ ಅಚ್ಚುಕೂಟ ಶುರುವಾಗಿ ನಲವತ್ತೆರಡು ವರ್ಷದ ಮೇಲೆ. ಚಿತ್ರ ಗೇಟು ದಾಟಿದ ಎಷ್ಟೋ ಕಾಲದ ಮೇಲೆ ಮನುಷ್ಯ ದಾಟಿದ. ಈ ವಾಕ್ಯವನ್ನು ನನ್ನ ಎರಡನೇ ಅಧ್ಯಾಯದಲ್ಲಿ ಬರೆದಿದ್ದೇನೆ. ಬರೆದ ದಿನ ಹೆಮ್ಮೆಪಟ್ಟಿದ್ದೆ.

ಅದೇ ತಿಂಗಳು ಊರಿಗೆ ಹೋದೆ. ನಮ್ಮೂರು ಗುಬ್ಬಿ ತಾಲ್ಲೂಕಿನಲ್ಲಿ. ತೆಂಗು, ಅಡಿಕೆಯ ತೋಟ ಇರುವ ಲಿಂಗಾಯತರ ಮನೆ ನಮ್ಮದು. ಕೊಟ್ಟಿಗೆಯನ್ನು ಕೆಡವಿ ಕಾರು ನಿಲ್ಲಿಸಲು ಶೆಡ್ ಮಾಡುವ ಮಾತು ನಡೆದಿತ್ತು. ಅದರ ಮಣ್ಣಿನ ಗೋಡೆಯ ಗೂಡಿನಲ್ಲಿ, ಹರಿದ ಚೀಲದ ಹಿಂದೆ, ನೀಲಿ ಅಂಚಿನ ಒಂದು ಪಿಂಗಾಣಿ ತಟ್ಟೆ ಇತ್ತು. ದೊಡ್ಡದು, ಗುಂಡನೆಯದು, ನನ್ನ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗೆ. ಮಧ್ಯದಲ್ಲಿ ಲೇಪ ಎದ್ದುಹೋಗಿ ರೂಪಾಯಿಯಗಲ ಕಪ್ಪು ಕಬ್ಬಿಣ ಕಾಣುತ್ತಿತ್ತು. ಪುಗಸಟ್ಟೆ ಸಿಕ್ಕಿತೆಂದು ಬ್ಯಾಗಿಗೆ ಹಾಕಿಕೊಂಡು ಬಂದೆ.

ಅದಕ್ಕೆ ಹಂಸ ದಮಯಂತಿಯನ್ನು ಆರಿಸಿದೆ. ಡಿಕಾಲ್ ಹಾಳೆಯಲ್ಲಿ ಎರಡು ಬಗೆ. ಪಾರದರ್ಶಕವಾದದ್ದನ್ನು ಹಾಕಿದರೆ ಕೆಳಗಿನ ತಟ್ಟೆ ಹಾಗೇ ಕಾಣುತ್ತದೆ, ಕಪ್ಪು ಕಲೆಯೂ ಕಾಣುತ್ತದೆ. ಬಿಳಿ ತಳದ ಹಾಳೆ ಎಲ್ಲವನ್ನೂ ಮುಚ್ಚುತ್ತದೆ. ಬಿಳಿಯದನ್ನೇ ತೆಗೆದುಕೊಂಡೆ. ಹಂಸದ ರೆಕ್ಕೆ ಸರಿಯಾಗಿ ಆ ಕಪ್ಪಿನ ಮೇಲೆ ಬಂದು ಕೂರುವ ಹಾಗೆ ಅಳತೆ ಮಾಡಿ ಕತ್ತರಿಸಿದೆ. ನಾನು ಮಾಡಿದ ತಟ್ಟೆಗಳಲ್ಲೆಲ್ಲ ಅದೇ ಚೆನ್ನಾಗಿ ಬಂತು. ಮಾರಲು ಮನಸ್ಸಾಗದೆ ರೂಮಿನ ಗೋಡೆಗೇ ಹಾಕಿಕೊಂಡೆ.

ನನ್ನ ಜೊತೆ ಸಂಶೋಧನೆ ಮಾಡುವ ಗೆಳತಿಯೊಬ್ಬಳಿದ್ದಾಳೆ. ಹೆಸರು ಬೇಡ. ಅವಳ ಊರೂ ಗುಬ್ಬಿ ಕಡೆಯದೇ. ಪುಸ್ತಕ ವಾಪಸ್ ಕೊಡಲು ಬಂದವಳು ತಟ್ಟೆ ನೋಡಿ, ಚೆನ್ನಾಗಿದೆ ಎಂದು ಗೋಡೆಯಿಂದ ತೆಗೆದಳು. ಹಿಂದುಮುಂದು ತಿರುಗಿಸಿದಳು.

"ಇದು ಗುಜರೀದಾ?"

"ಅಲ್ಲ, ಊರಲ್ಲಿ ಸಿಕ್ತು."

"ಊರಲ್ಲಿ ಎಲ್ಲಿ?"

"ಕೊಟ್ಟಿಗೆ ಗೂಡಲ್ಲಿ ಇತ್ತು."

"ಊಟದ ತಟ್ಟೆ ಕೊಟ್ಟಿಗೇಲಿ ಯಾಕಿತ್ತು?"

ಅವಳು ಸಿಟ್ಟಿನಿಂದ ಕೇಳಲಿಲ್ಲ. ಪರೀಕ್ಷೆಯಲ್ಲಿ ಕೇಳುವವರ ಹಾಗೂ ಕೇಳಲಿಲ್ಲ. ಉತ್ತರ ಅವಳಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ತಟ್ಟೆಯನ್ನು ಗೂಡಿನಿಂದ ತೆಗೆದ ಕ್ಷಣದಲ್ಲೇ ನನಗೆ ಗೊತ್ತಿತ್ತು ಎಂದು ಈಗ ಅನ್ನಿಸುತ್ತದೆ. ಕೊಟ್ಟಿಗೆಯಲ್ಲಿ ದನಗಳಷ್ಟೇ ಉಣ್ಣುತ್ತಿರಲಿಲ್ಲ. ತೋಟಕ್ಕೆ, ಅಡಿಕೆ ಸುಲಿಯುವುದಕ್ಕೆ ಬರುತ್ತಿದ್ದ ಹೊಲಗೇರಿಯ ಆಳುಗಳಿಗೆ ಅಲ್ಲೇ ಊಟ ಹಾಕುತ್ತಿದ್ದರು. ಮೇಲಿನಿಂದ ಬಡಿಸುತ್ತಿದ್ದರು. ಉಂಡವರೇ ತೊಳೆದು ಗೂಡಿಗೆ ಇಡುತ್ತಿದ್ದರು.

ಅವಳು ತಟ್ಟೆಯನ್ನು ಮತ್ತೆ ಮೊಳೆಗೆ ಹಾಕಿ, ಸ್ವಲ್ಪ ಓರೆಯಾಗಿದ್ದನ್ನು ಸರಿಮಾಡಿ, "ನಮ್ಮಜ್ಜಿ ಇಂಥದ್ರಲ್ಲೇ ಉಂಡಿರೋದು" ಅಂದಳು. ಆಮೇಲೆ ಪುಸ್ತಕದ ವಿಷಯ ಮಾತಾಡಿದೆವು.

ಆ ರಾತ್ರಿಯಿಂದ ನನ್ನನ್ನು ಹಿಡಿದ ಪ್ರಶ್ನೆ ಇದು. ಮೊದಲ ಹನ್ನೊಂದು ತಟ್ಟೆಗಳ ಬಗ್ಗೆ ನನಗೆ ಯಾವ ತೊಂದರೆಯೂ ಇರಲಿಲ್ಲ. ಅವುಗಳಲ್ಲಿ ಯಾರು ಉಂಡಿದ್ದರು, ಯಾರು ಯಾರಿಗೆ ಬಡಿಸಲಿಲ್ಲ ಎಂದು ನಾನು ಕೇಳಲಿಲ್ಲ. ಗುಜರಿಯ ಮೂಟೆ ಎಲ್ಲವನ್ನೂ ತೊಳೆದುಕೊಟ್ಟಿತ್ತು. ಹಳೆಯ ವಸ್ತುವಿಗೆ ಹೊಸ ಜೀವ ಎಂದು ನಾವು ಹೇಳುವಾಗ ಅದರ ಹಳೆಯ ಜೀವ ಏನೆಂದು ಗೊತ್ತಿಲ್ಲದಿರುವುದು ನಮಗೆ ಅನುಕೂಲ. ಗೊತ್ತಾದ ಮೇಲೂ ಅದರ ಮೇಲೆ ನನಗಿಷ್ಟವಾದ ಚಿತ್ರ ಹಾಕುವ ಹಕ್ಕು ನನಗಿದೆಯೇ? ತಟ್ಟೆ ನಮ್ಮ ಮನೆಯದು, ದುಡ್ಡು ಕೊಟ್ಟದ್ದು ನಮ್ಮ ತಾತ. ಆ ಲೆಕ್ಕದಲ್ಲಿ ನನ್ನದೇ. ಆದರೆ ಒಂದು ತಟ್ಟೆ ಕೊಂಡವನದೋ, ಉಂಡವನದೋ? ನಮ್ಮ ಮನೆಯವರಾರೂ ಒಂದು ಸಲವೂ ಉಣ್ಣದ ತಟ್ಟೆ ಅದು.

ನಮ್ಮಲ್ಲಿ ಪಾತ್ರೆಗೆ ಹೆಸರು ಹಾಕಿಸುವ ರೂಢಿ ನಿಮಗೆ ಗೊತ್ತೇ ಇದೆ. ಮದುವೆ, ಗೃಹಪ್ರವೇಶಕ್ಕೆ ಸ್ಟೀಲಿನ ತಟ್ಟೆ, ಚೊಂಬು ಕೊಂಡರೆ ಅಂಗಡಿಯವನೇ ಪುಟ್ಟ ಮಿಷನ್ನಿನಿಂದ ಟರ್ರ್ ಎಂದು ಹೆಸರು, ದಿನಾಂಕ ಕೊರೆದುಕೊಡುತ್ತಾನೆ. ನಮ್ಮ ಮನೆಯ ಅಟ್ಟದಲ್ಲಿ ತಾತನ ಹೆಸರಿನ ಕೊಳಗ ಇದೆ, ಅಪ್ಪನ ಮದುವೆಯ ತಾರೀಖಿನ ಹನ್ನೆರಡು ತಟ್ಟೆ ಇವೆ, ಅತ್ತೆಯ ತವರಿನಿಂದ ಬಂದವಕ್ಕೆ ಅವರ ಊರಿನ ಹೆಸರೂ ಇದೆ. ಬೇರೆ ಮನೆಯ ಪಾತ್ರೆಯ ಜೊತೆ ಕಲೆಸಿಹೋಗಬಾರದೆಂದು ಈ ಏರ್ಪಾಟು. ಗೂಡಿನ ತಟ್ಟೆಗೆ ಹೆಸರು ಬೇಕಾಗಿರಲಿಲ್ಲ. ಅದು ಯಾವುದರ ಜೊತೆಯೂ ಕಲೆಯುವ ಪ್ರಶ್ನೆಯೇ ಇರಲಿಲ್ಲ.

ನಮ್ಮ ಪಡಸಾಲೆಯಲ್ಲಿ ಬಸವಣ್ಣನ ಚಿತ್ರದ ಕ್ಯಾಲೆಂಡರ್ ತೂಗುತ್ತಿತ್ತು, ಈಗಲೂ ತೂಗುತ್ತದೆ. ಅದೂ ಅಚ್ಚಾದ ಚಿತ್ರವೇ. ಕಲ್ಯಾಣದ ಶರಣರು ಜಾತಿಯ ಬಗ್ಗೆ ಏನು ಹೇಳಿದರೆಂದು ಆ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ನಮ್ಮಪ್ಪ ಕ್ಯಾತ್ಸಂದ್ರದ ಸಿದ್ಧಗಂಗೆಯ ಹಾಸ್ಟೆಲಿನಲ್ಲಿ ಓದಿದವರು. ಸಾವಿರಾರು ಹುಡುಗರು, ಎಲ್ಲ ಜಾತಿಯವರು, ಸಾಲಾಗಿ ಕೂತು ಒಟ್ಟಿಗೆ ಉಣ್ಣುವ ಜಾಗ ಅದು. ಅಲ್ಲಿ ವರ್ಷಗಟ್ಟಲೆ ಹಾಗೆ ಉಂಡು, ರಜೆಗೆ ಊರಿಗೆ ಬಂದು, ಗೂಡಿನ ತಟ್ಟೆಯನ್ನು ಅವರು ನೋಡಿದ್ದಾರೆ. ಏನನ್ನಿಸಿತು ಎಂದು ಫೋನಿನಲ್ಲಿ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಠದ ಊಟ ಮಠದ್ದು, ಮನೆ ಊಟ ಮನೇದು ಅಂತಿತ್ತು ಕಣಪ್ಪ. ತಪ್ಪು ಅಂತ ಗೊತ್ತಿತ್ತು. ಅಮ್ಮನಿಗೆ ಹೇಳೋಕೆ ಧೈರ್ಯ ಇರ್ಲಿಲ್ಲ" ಅಂದರು. ಅಪ್ಪನ ಮೇಲೆ ಸಿಟ್ಟು ಮಾಡಿಕೊಳ್ಳೋಣ ಎಂದುಕೊಂಡವನು ಸುಮ್ಮನಾದೆ. ನನಗೂ ಹೇಳುವ ಧೈರ್ಯ ಬೇಕಾಗಿ ಬಂದಿದ್ದರೆ ನಾನು ಏನು ಮಾಡುತ್ತಿದ್ದೆ ಎಂಬುದಕ್ಕೆ ನನ್ನ ಹತ್ತಿರ ಪುರಾವೆ ಇಲ್ಲ.

ಕಾನೂನು ಏನು ಹೇಳುತ್ತದೆ ಎಂದು ತೆಗೆದು ನೋಡಿದೆ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದುಮಾಡಿತು. 1955ರಲ್ಲಿ ಬಂದ, ಈಗ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂಬ ಹೆಸರಿರುವ ಕಾಯ್ದೆಯ 4ನೇ ಸೆಕ್ಷನ್ನಿನಲ್ಲಿ ಪಾತ್ರೆಗಳ ಮಾತು ನೇರವಾಗಿಯೇ ಇದೆ. ಹೋಟೆಲು, ಧರ್ಮಶಾಲೆಗಳಲ್ಲಿ ಸಾರ್ವಜನಿಕರಿಗೆಂದು ಇಟ್ಟ ಪಾತ್ರೆಗಳನ್ನು ಯಾರಿಗೂ ಅಸ್ಪೃಶ್ಯತೆಯ ಕಾರಣದಿಂದ ನಿರಾಕರಿಸುವಂತಿಲ್ಲ. ಓದಿ ಬೆರಗಾಯಿತು, ಒಂದು ಗಣರಾಜ್ಯ ತಟ್ಟೆ ಲೋಟಗಳ ಬಗ್ಗೆ ಇಷ್ಟು ಯೋಚಿಸಬೇಕಾಯಿತಲ್ಲ ಎಂದು. ಆದರೆ ಆ ಸೆಕ್ಷನ್ನಿನ ಪಟ್ಟಿಯಲ್ಲಿ ಮನೆಯ ಕೊಟ್ಟಿಗೆಯ ಗೂಡು ಇಲ್ಲ. ಅಲ್ಲಿಗೆ ಹೋಗಬೇಕಾದದ್ದು ಮನೆಯವರೇ.

ಅಜ್ಜಿಗೆ ಎಂಬತ್ತನಾಲ್ಕು. ಮುಂದಿನ ಸಲ ಹೋದಾಗ ಪಕ್ಕದಲ್ಲಿ ಕೂತು, ಆ ತಟ್ಟೆಯಲ್ಲಿ ಯಾರು ಉಣ್ಣುತ್ತಿದ್ದರು ಎಂದು ಕೇಳಿದೆ. ನೆನಪಿರುವುದಿಲ್ಲ ಎಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ನೆನಪಿರದಿದ್ದರೆ ನನಗೆ ಬರೆಯಲು ಅನುಕೂಲವಾಗುತ್ತಿತ್ತು. ಹೆಸರೂ ಗೊತ್ತಿಲ್ಲದ ಹೆಂಗಸು, ಮರೆತ ಯಜಮಾನಿ, ವಾಕ್ಯಗಳು ತಾವೇ ಬರುತ್ತಿದ್ದವು. ಅಜ್ಜಿ ತಟ್ಟನೆ ಹೆಸರು ಹೇಳಿದರು. ಅವಳ ಗಂಡನ ಹೆಸರು, ಐದು ಮಕ್ಕಳ ಹೆಸರು, ಸತ್ತ ಮಗುವಿನ ಹೆಸರು. "ನಿಮ್ಮಪ್ಪನ ಹೆರಿಗೇಲಿ ಅವಳೇ ಇದ್ದಿದ್ದು ಮಗ. ಸೂಲಗಿತ್ತಿ ಬರೋದ್ರೊಳಗೆ ಕೂಸು ಬಂತು. ಅವಳೇ ಎತ್ತಿಕೊಂಡ್ಳು." ಹೇಳುತ್ತಾ ಕಣ್ಣು ತೇವವಾಯಿತು.

"ಮತ್ತೆ ತಟ್ಟೆ ಯಾಕಜ್ಜಿ ಆಚೆ ಇಟ್ಟಿದ್ದು?"

"ಇಡ್ತಿದ್ರು, ಇಟ್ವಿ" ಅಂದರು. ನನ್ನ ಕೈಮೇಲಿದ್ದ ಅವರ ಕೈ ಅಲ್ಲೇ ಇತ್ತು.

ಆ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಒಪ್ಪಿಗೆ ಕೇಳಲು ಅವರಿಲ್ಲ. ಮಕ್ಕಳು ಬೆಂಗಳೂರಿನ ಕಡೆ ಇದ್ದಾರಂತೆ.

ನಾನು ಇಲ್ಲಿಯವರೆಗೆ ನಂಬಿದ್ದ ನೀತಿಯಲ್ಲಿ, ಹತ್ತಿರ ಬಂದರೆ, ಹೆಸರು ತಿಳಿದರೆ, ಕಷ್ಟಸುಖ ಗೊತ್ತಾದರೆ ಮನುಷ್ಯ ಮನುಷ್ಯನಿಗೆ ಅನ್ಯಾಯ ಮಾಡಲಾರ ಎಂಬುದೇ ಅಡಿಪಾಯ. ಕಥೆಗಳನ್ನು ನಾವು ಓದುವುದು, ಬರೆಯುವುದು ಈ ನಂಬಿಕೆಯ ಮೇಲೆಯೇ. ಅಜ್ಜಿಗೆ ಎಲ್ಲ ಗೊತ್ತಿತ್ತು. ತನ್ನ ಮಗನನ್ನು ಮೊದಲು ಮುಟ್ಟಿದ ಕೈ ಅದು. ಆ ಕೈ ಮುಟ್ಟಿದ ತಟ್ಟೆ ಒಳಗೆ ಬರುವ ಹಾಗಿರಲಿಲ್ಲ. ಎರಡೂ ಒಂದೇ ಮನೆಯಲ್ಲಿ, ಒಂದೇ ಮನಸ್ಸಿನಲ್ಲಿ, ಒಂದಕ್ಕೊಂದು ಅಡ್ಡಬರದೆ ಇದ್ದವು. ಪ್ರೀತಿ ಪಾರದರ್ಶಕ ಹಾಳೆಯಂತೆ ಎಂದುಕೊಂಡಿದ್ದೆ, ಅದು ಬಿಳಿ ತಳದ ಹಾಳೆಯೂ ಆಗಬಲ್ಲದು. ಸಿದ್ಧಾಂತದ ಭಾಷೆಯಲ್ಲಿ ಇದಕ್ಕೆ ಉತ್ತರಗಳಿವೆ. ವ್ಯವಸ್ಥೆ, ಸಾಂಸ್ಥಿಕ ಹಿಂಸೆ ಎಂದೆಲ್ಲ ನಾನೇ ಅಡಿಟಿಪ್ಪಣಿ ಹಾಕಬಲ್ಲೆ. ಅಜ್ಜಿಯ ಒದ್ದೆ ಕಣ್ಣಿನ ಮುಂದೆ ಅವು ಸುಳ್ಳಾಗಲಿಲ್ಲ, ಆದರೆ ಅವಳಿಗೆ ಅವನ್ನು ಹೇಳುವುದು ಹೇಗೆಂದು ನನಗೆ ಗೊತ್ತಾಗಲಿಲ್ಲ.

ರೂಮಿಗೆ ಬಂದು ತಟ್ಟೆಯನ್ನು ಏನು ಮಾಡುವುದೆಂದು ಯೋಚಿಸಿದೆ. ಗುಜರಿಗೆ ಹಾಕಿದರೆ ಅದು ಮತ್ತೆ ಯಾರದೂ ಅಲ್ಲದ ತಟ್ಟೆಯಾಗುತ್ತದೆ, ನನ್ನಂಥ ಇನ್ನೊಬ್ಬನಿಗೆ ಹತ್ತಿಪ್ಪತ್ತು ರೂಪಾಯಿಗೆ ಸಿಗುತ್ತದೆ. ಚಿತ್ರ ತೆಗೆದು ಬರಿದಾಗಿ ಗೋಡೆಗೆ ಹಾಕಿದರೆ? ಬಂದವರಿಗೆ ತೋರಿಸಿ ಕಥೆ ಹೇಳುವೆ, ಅವರು ನನ್ನ ಸೂಕ್ಷ್ಮತೆಯನ್ನು ಮೆಚ್ಚುವರು. ಆ ಸಕ್ಕರೆ ಬಟ್ಟಲಿನ ಹಾಗೆ ಏನಾದರೂ ಮಾತು ಬರೆಸಿದರೆ ಎಂದೂ ಒಂದು ಗಳಿಗೆ ಅನ್ನಿಸಿತ್ತು. ಗೆಳತಿಗೆ ಹೇಳಿದಾಗ ಅವಳು ಜೋರಾಗಿ ನಕ್ಕಳು. ನಾನೇ ಅದರಲ್ಲಿ ಉಣ್ಣುತ್ತೇನೆ ಎಂದದ್ದಕ್ಕೆ ಮಾತ್ರ ನಗಲಿಲ್ಲ.

"ನೀನು ಉಂಡರೆ ನಿನಗೆ ಹಗುರ ಆಗುತ್ತೆ. ನಮ್ಮಜ್ಜಿಗೆ ಏನಾಗುತ್ತೆ?"

"ಮತ್ತೆ ನೀನೇ ಹೇಳು ಏನು ಮಾಡಲಿ."

"ಅದನ್ನೂ ನಾನೇ ಹೇಳಬೇಕಾ?"

ಅವಳು ಹೇಳಿದ್ದು ಸರಿಯಾಗಿತ್ತು. ತಟ್ಟೆ ತೊಳೆಯುವ ಕೆಲಸವನ್ನು ಮತ್ತೆ ಉಂಡವರಿಗೇ ಕೊಡಲು ಹೊರಟಿದ್ದೆ.

ಕೊನೆಗೆ ಬಿಸಿನೀರಿನಲ್ಲಿ ನೆನೆಹಾಕಿ, ಸ್ಪಿರಿಟ್ ಹಚ್ಚಿ, ಬ್ಲೇಡಿನಿಂದ ಕೆರೆದೆ. ವಾರ್ನಿಶ್ ನಾನಂದುಕೊಂಡದ್ದಕ್ಕಿಂತ ಗಟ್ಟಿ. ದಮಯಂತಿಯ ಸೀರೆ ಚಕ್ಕೆಚಕ್ಕೆಯಾಗಿ ಬಂತು, ಹಂಸದ ಕುತ್ತಿಗೆ ಉಳಿಯಿತು. ಕಪ್ಪು ಕಲೆಯ ಹತ್ತಿರ ಹೆಚ್ಚು ಕೆರೆದರೆ ಇನ್ನಷ್ಟು ಲೇಪ ಏಳುತ್ತಿತ್ತು, ಅಲ್ಲಿಗೆ ಬಿಟ್ಟೆ. ಈಗ ಅದು ಪುಸ್ತಕದ ಕಪಾಟಿನ ಕೆಳಗಿನ ಖಾನೆಯಲ್ಲಿದೆ. ಗೋಡೆಗೆ ಹಾಕಿಲ್ಲ, ಬಚ್ಚಿಟ್ಟೂ ಇಲ್ಲ. ಊರಿನ ಕೊಟ್ಟಿಗೆ ಕೆಡವಿದ್ದಾಯಿತು. ಎರಡನೇ ಅಧ್ಯಾಯದ ಆ ಹೆಮ್ಮೆಯ ವಾಕ್ಯ ಇನ್ನೂ ಅಲ್ಲೇ ಇದೆ. ತೆಗೆಯಬೇಕೋ, ಅದರ ಮುಂದೆ ಇನ್ನೊಂದು ವಾಕ್ಯ ಸೇರಿಸಬೇಕೋ ತಿಳಿಯದೆ ಬಿಟ್ಟಿದ್ದೇನೆ.

ಫೆಲೋಶಿಪ್ ಬಂತು. ಆದರೂ ಸ್ಟೇಟಸ್ ನೋಡಿದ್ದ ಒಬ್ಬರು, ಆ ಹಂಸದ ತಟ್ಟೆಗೆ ಆರುನೂರು ಕೊಡುತ್ತೇನೆ ಎಂದರು. ಅದು ಮಾರಾಟಕ್ಕಿಲ್ಲ ಎಂದೆ. ಹಾಗಾದರೆ ಅಂಥದ್ದೇ ಇನ್ನೊಂದು ಮಾಡಿಕೊಡಿ, ಅಂಥದ್ದೇ ನೀಲಿ ಅಂಚಿಂದು, ಮಗಳ ಮನೆ ಗೃಹಪ್ರವೇಶಕ್ಕೆ ಎಂದರು. ಇಲ್ಲ ಎನ್ನಲು ಕಾರಣ ಹೊಳೆಯಲಿಲ್ಲ. ಭಾನುವಾರ ಗುಜರಿ ಅಂಗಡಿಗೆ ಹೋದೆ. ಮೂಟೆಯಲ್ಲಿ ನೀಲಿ ಅಂಚಿನವು ಎರಡಿದ್ದವು. ಇವು ಯಾವ ಊರಿಂದ ಬಂದವು, ಯಾರ ಮನೆಯವು ಎಂದು ಮೊದಲ ಸಲ ಕೇಳಿದೆ. ಅಂಗಡಿಯಾತ ನನ್ನ ಮುಖ ನೋಡಿದ.

"ಯಾಕ್ ಸಾರ್, ಕಳ್ಳಮಾಲು ಅಂತ ಅನುಮಾನಾನಾ?"

"ಇಲ್ಲಪ್ಪ, ಸುಮ್ನೆ ಕೇಳ್ದೆ."

"ನೂರು ಮನೆ ಸಾಮಾನು ಬರುತ್ತೆ ಸಾರ್. ಯಾರ್ ಇಟ್ಕೋತಾರೆ ಲೆಕ್ಕ" ಎಂದು ಎರಡನ್ನೂ ತಕ್ಕಡಿಗೆ ಹಾಕಿ, ಮುಳ್ಳು ನಿಲ್ಲುವುದನ್ನೇ ನೋಡುತ್ತ ನಿಂತ.